ನಾಗಲಕ್ಷ್ಮಿಯ ಕೋರಂ

ಗಂಗಾನಗರದ ಬಸ್‌ಸ್ಟಾಪಿನಿಂದ ಎರಡು ತಿರುವು ಒಳಗೆ ಹೋದರೆ, ಒಂದು ರಕ್ತಪರೀಕ್ಷೆಯ ಲ್ಯಾಬಿಗೂ ಒಂದು ಪಿಜಿ ಹಾಸ್ಟೆಲ್ಲಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಹಳೆಯ ತಾರಸಿ ಮನೆಯಿದೆ. ಗೇಟಿನ ಮೇಲೆ ‘ಅಖಿಲ ಭಾರತ ಕೀಟಾಧ್ಯಯನ ಸಂಘ’ ಎಂಬ ಬೋರ್ಡಿದೆ. ಬೋರ್ಡು ನೋಡಿಕೊಂಡು ತಿಂಗಳಿಗೆ ನಾಲ್ಕು ಜನರಾದರೂ ಒಳಗೆ ಬಂದು, “ಜಿರಳೆಗೆ ಔಷಧಿ ಹೊಡೀತೀರಾ? ಎರಡು ಬೆಡ್‌ರೂಮಿಗೆ ಎಷ್ಟಾಗತ್ತೆ?” ಎಂದು ಕೇಳುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಅವರಿಗೆಲ್ಲ ಉತ್ತರ ಹೇಳುತ್ತ ಬಂದವಳು ನಾಗಲಕ್ಷ್ಮಿ. “ಇಲ್ಲಿ ಹುಳ ಓಡ್ಸಲ್ಲ ಸ್ವಾಮಿ, ಕೂಡಿಡ್ತೀವಿ” ಎನ್ನುತ್ತಾಳೆ. ಬಂದವರು ಅವಳ ಮುಖವನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ, ಇದು ಯಾವುದೋ ತಲೆಕೆಟ್ಟವರ ಮನೆ ಎಂದುಕೊಂಡು ಹೊರಟುಹೋಗುತ್ತಾರೆ. ಅವರದೂ ತಪ್ಪಲ್ಲ.

ಒಳಗೆ ನಲವತ್ತು ಮರದ ಬೀರುಗಳಿವೆ. ಬೀರುಗಳ ಖಾನೆಗಳಲ್ಲಿ ಗಾಜು ಮುಚ್ಚಿದ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಗುಂಡುಸೂಜಿಗೆ ಸಿಕ್ಕಿಸಿದ ಅರವತ್ತು ಸಾವಿರ ಹುಳ, ದುಂಬಿ, ಚಿಟ್ಟೆ, ಕಣಜ. ಒಂದೊಂದರ ಕೆಳಗೂ ಉಗುರಿನಷ್ಟಗಲದ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಹಿಡಿದವರು ಯಾರು, ಇಷ್ಟೇ ಬರಹ. ಚೀಟಿಯಿಲ್ಲದ ಹುಳ ಎಷ್ಟೇ ಅಪರೂಪದ್ದಾಗಿರಲಿ, ಕಸಕ್ಕೆ ಸಮ. ಸಂಘದ ಇಡೀ ಶಾಸ್ತ್ರ ನಿಂತಿರುವುದು ಆ ಚೀಟಿಯ ಮೇಲೆ.

ಸಂಘ ಹುಟ್ಟಿ ಐವತ್ತು ವರ್ಷ ದಾಟಿತು. ಹೆಬ್ಬಾಳದ ಒಂದು ಪ್ರಯೋಗಾಲಯದ ವರಾಂಡದಲ್ಲಿ ಹನ್ನೊಂದು ಜನ ಸೇರಿ, ಒಂದು ಫ್ಲಾಸ್ಕಿನ ಕಾಫಿಯನ್ನು ಹಂಚಿಕೊಂಡು ಕಟ್ಟಿದ ಸಂಘ ಇದು. ಆಮೇಲೆ ಹದಿನಾಲ್ಕು ರಾಜ್ಯಗಳಲ್ಲಿ ಶಾಖೆಗಳಾದವು, ಮೂರು ತಿಂಗಳಿಗೊಂದು ಪತ್ರಿಕೆ ಬಂತು, ಎರಡು ವರ್ಷಕ್ಕೊಂದು ಸಮ್ಮೇಳನವಾಯಿತು. ಅಧ್ಯಕ್ಷರು ಒಂದು ಸಲ ಉತ್ತರದವರಾದರೆ ಮುಂದಿನ ಸಲ ದಕ್ಷಿಣದವರು. ಜಗಳಕ್ಕೂ ಕೊರತೆಯಿರಲಿಲ್ಲ. ಜೇಡದ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಒಬ್ಬ ಪ್ರೊಫೆಸರರು ಸದಸ್ಯತ್ವಕ್ಕೆ ಅರ್ಜಿ ಹಾಕಿದಾಗ, ಜೇಡಕ್ಕೆ ಎಂಟು ಕಾಲು, ಕೀಟಕ್ಕೆ ಆರೇ ಕಾಲು, ಆದ್ದರಿಂದ ಇವರನ್ನು ಸೇರಿಸಕೂಡದು ಎಂದು ವಾದ ಎದ್ದು, ಮೂರು ಮಹಾಸಭೆಗಳು ಅದರಲ್ಲೇ ಮುಗಿದವು. ನಾಲ್ಕನೆಯ ವರ್ಷ ಪಾಪ ಆ ಪ್ರೊಫೆಸರರೇ ಬೇಸತ್ತು ಅರ್ಜಿ ವಾಪಸು ತೆಗೆದುಕೊಂಡರು.

ನಾಗಲಕ್ಷ್ಮಿ ಈ ಮನೆಗೆ ಬಂದದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಸ ಗುಡಿಸುವುದು, ಕಾಫಿ ತರುವುದು, ಅಂಚೆಗೆ ಹೋಗುವುದು. ಅವಳ ತವರು ಹುಣಸಮಾರನಹಳ್ಳಿ. ಅಪ್ಪ ಹನುಮಯ್ಯ ರಾಗಿ, ಅವರೆ ಬೆಳೆಯುತ್ತಿದ್ದವರು. ಕೆಲಸಕ್ಕೆ ಸೇರಿದ ವರ್ಷವೇ ಒಂದು ಸೋಮವಾರ ಅವಳು ಅಪ್ಪನ ಅವರೆ ಹೊಲದಿಂದ ಬೆಂಕಿಪೊಟ್ಟಣದಲ್ಲಿ ಒಂದು ಹಸಿರು ದುಂಬಿ ಹಿಡಿದು ತಂದಿದ್ದಳು. ಆಗಿನ ಕಾರ್ಯದರ್ಶಿ ನಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದುಂಬಿಯಾದರೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಸೂಜಿ ಇಳಿಸಬೇಕು, ಎಡಗಡೆ ಎಂದಿಗೂ ಅಲ್ಲ ಎಂದು ತೋರಿಸಿಕೊಟ್ಟರು. ಚೀಟಿಯ ಮೇಲೆ ಅವರ ಕೈಯಾರೆ ‘ಹುಣಸಮಾರನಹಳ್ಳಿ, ಅವರೆ ಹೊಲ’ ಎಂದು ಬರೆದು, ಹಿಡಿದವರು ಎಂಬ ಕಡೆ ‘ನಾಗಲಕ್ಷ್ಮಿ’ ಎಂದು ಬರೆದರು. ಅವತ್ತಿನಿಂದ ಕಸಪೊರಕೆ ಅವಳ ಎರಡನೆಯ ಕೆಲಸವಾಯಿತು. ಈಗ ಆ ಬೀರುಗಳಲ್ಲಿರುವ ಹುಳಗಳಲ್ಲಿ ಮೂರರಲ್ಲೊಂದು ಪಾಲಿಗೆ ಸೂಜಿ ಚುಚ್ಚಿದವಳು ಅವಳೇ. ಹೊಲವಂತೂ ಯಾವತ್ತೋ ಲೇಔಟಾಯಿತು. “ನಮ್ಮಪ್ಪನ ಹೊಲ ಎಲ್ಲಿದೆ ಅಂದ್ರೆ ಎಂಟನೇ ಬೀರು, ಮೂರನೇ ಖಾನೆ” ಎಂದು ಅವಳು ಹೇಳುವುದುಂಟು. ನಗುನಗುತ್ತಲೇ ಹೇಳುತ್ತಾಳೆ. ಆದರೆ ಆ ಖಾನೆಗೆ ನುಸಿಗುಳಿಗೆ ಹಾಕುವುದನ್ನು ಮಾತ್ರ ಇವತ್ತಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅಂಥ ಬೀರುಗಳನ್ನು ಲಾರಿಗೆ ತುಂಬುವ ಮಾತು ಬಂತು.

ತಂದವರು ಸಂಘದ ಈಗಿನ ಕಾರ್ಯದರ್ಶಿ ಡಾ. ಮುರುಗೇಶ್. ಎಪ್ಪತ್ನಾಲ್ಕು ವರ್ಷದ ನಿವೃತ್ತ ವಿಜ್ಞಾನಿ, ಒಳ್ಳೆಯ ಮನುಷ್ಯ, ದಣಿದ ಮನುಷ್ಯ. ಸಂಘದ ನಿಯಮಾವಳಿಯ ಪ್ರಕಾರ ವರ್ಷದ ಮಹಾಸಭೆಗೆ ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು ಹಾಜರಿರಬೇಕು. ಇದಕ್ಕೆ ಕೋರಂ ಎನ್ನುತ್ತಾರೆ. ಪಟ್ಟಿಯಲ್ಲಿದ್ದವರು ಸಾವಿರದ ಇನ್ನೂರ ನಲವತ್ತು ಜನ. ಅಂದರೆ ನೂರಾ ಇಪ್ಪತ್ನಾಲ್ಕು ಜನ ಬರಬೇಕು. ಹಿಂದಿನ ವರ್ಷ ಬಂದವರು ಎಂಬತ್ಮೂರು, ಅದಕ್ಕೂ ಹಿಂದಿನ ವರ್ಷ ಎಪ್ಪತ್ತೊಂಬತ್ತು. ಬೇರೆ ಸಂಘಗಳಲ್ಲಾದರೆ ಅರ್ಧ ಗಂಟೆ ಕಾದು, ಬಂದವರನ್ನೇ ಇಟ್ಟುಕೊಂಡು ಸಭೆ ಮುಗಿಸಿಬಿಡುತ್ತಾರೆ. ಈ ಸಂಘ ಕಟ್ಟಿದವರು ಹುಳದ ಕಾಲಿನ ಕೂದಲನ್ನೂ ಎಣಿಸುವ ಜಾತಿಯವರು. ಅಂಥ ಸಡಿಲಿಕೆಯನ್ನು ಅವರು ಬರೆದಿಡಲೇ ಇಲ್ಲ. ಬದಲಿಗೆ ಅವರು ಬರೆದಿಟ್ಟದ್ದು ಇದು: ಮೂರು ವರ್ಷ ಒಂದೇಸಮನೆ ಕೋರಂ ಆಗದಿದ್ದರೆ ಸಂಘವನ್ನು ಮುಚ್ಚಿ, ಅದರ ಸಂಗ್ರಹವನ್ನು ಇಂಥದೇ ಇನ್ನೊಂದು ಸಂಸ್ಥೆಗೆ ಒಪ್ಪಿಸತಕ್ಕದ್ದು.

“ಇದು ಮೂರನೇ ವರ್ಷ ನಾಗಲಕ್ಷ್ಮಿಯವರೇ” ಎಂದರು ಮುರುಗೇಶ್. “ಉತ್ತರದಲ್ಲಿ ಒಂದು ಮ್ಯೂಸಿಯಂನೋರು ಒಪ್ಪಿದ್ದಾರೆ. ಅಲ್ಲಿ ಏಸಿ ಇದೆ, ಜಾಗ ಇದೆ. ಇಲ್ಲಿ ತಾರಸಿ ಸೋರತ್ತೆ. ಹುಳಗಳಿಗೂ ಅಲ್ಲೇ ಕ್ಷೇಮ. ನಾವೂ ಎಷ್ಟು ದಿನ ಅಂತ ಎಳೆಯೋಣ?”

“ಅಲ್ಲಿ ಯಾರಿಗೆ ಗೊತ್ತು ಸಾರ್, ಹುಣಸಮಾರನಹಳ್ಳಿ ಎಲ್ಲಿದೆ ಅಂತ?”

“ಚೀಟಿಯಲ್ಲಿ ಬರೆದಿದೆಯಲ್ಲ.”

ಉತ್ತರವಿಲ್ಲ ಎಂಬ ಒಂದೇ ಕಾರಣಕ್ಕೆ ಸುಮ್ಮನಾಗುವ ಹೆಂಗಸಲ್ಲ ಅವಳು. ಸಭೆಗೆ ಇನ್ನೂ ಆರು ವಾರ ಇತ್ತು.

ದಾರಿ ಕಂಡದ್ದು ಸಭೆಯ ನೋಟಿಸಿನ ಕವರುಗಳ ಮೇಲೆ ವಿಳಾಸ ಅಂಟಿಸುವಾಗ. ಹದಿನೇಳನೆಯ ನಂಬರಿನ ಸದಸ್ಯರ ಹೆಸರಿನ ಮೇಲೆ ಅವಳ ಬೆರಳು ನಿಂತುಬಿಟ್ಟಿತು. ಮಲ್ಲೇಶ್ವರದ ಈ ಮಹಾನುಭಾವರ ವೈಕುಂಠ ಸಮಾರಾಧನೆಗೆ ಹೋಗಿ ತಾನೇ ಹೋಳಿಗೆ ಉಂಡು ಬಂದಿದ್ದೇನಲ್ಲ! ಆರು ವರ್ಷವಾಯಿತು. ಆರು ವರ್ಷದಿಂದಲೂ ಅವರಿಗೆ ಪತ್ರಿಕೆ ಹೋಗುತ್ತಿದೆ, ಸಭೆಯ ನೋಟಿಸು ಹೋಗುತ್ತಿದೆ. ಅವಳು ಪಟ್ಟಿಯನ್ನು ಮೇಲಿನಿಂದ ನೋಡಿದಳು. ಇಪ್ಪತ್ತೆರಡು, ತೀರಿಕೊಂಡವರು. ಇಪ್ಪತ್ತೈದು, ತೀರಿಕೊಂಡವರು. ಮೂವತ್ತೊಂದು, ಗಂಡಹೆಂಡತಿ ಇಬ್ಬರೂ ಇಲ್ಲ. ಅವಳಿಗೆ ಗೊತ್ತಿದ್ದವರೇ ಅರವತ್ತು ಜನ ಸಿಕ್ಕರು.

ನಿಯಮವಿದ್ದದ್ದು ಹೀಗೆ: ಆಜೀವ ಸದಸ್ಯರು ತೀರಿಕೊಂಡರೆ, ಮನೆಯವರು ಬರೆದು ತಿಳಿಸಿದ ಮೇಲೆ ಕಾರ್ಯದರ್ಶಿ ಪಟ್ಟಿಯಿಂದ ಹೆಸರು ತೆಗೆಯಬೇಕು. ಅಪ್ಪ ಸತ್ತ ದುಃಖದಲ್ಲಿ ಯಾವ ಮಗ ಹುಳದ ಸಂಘಕ್ಕೆ ಕಾಗದ ಬರೆಯುತ್ತಾನೆ? ಐವತ್ತು ವರ್ಷದಲ್ಲಿ ಬಂದ ಕಾಗದ ಒಂಬತ್ತು. ಸತ್ತ ಒಂದು ಸೊಳ್ಳೆಗೂ ತಾರೀಖು ಹಾಕಿ ಚೀಟಿ ಬರೆದಿಟ್ಟ ಪುಣ್ಯಾತ್ಮರು, ತಮ್ಮಲ್ಲಿ ಸತ್ತವರು ಯಾರು ಎಂದು ಬರೆದಿಟ್ಟುಕೊಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಾಗಲಕ್ಷ್ಮಿ ಪಟ್ಟಿಯನ್ನು ತೆಗೆದುಕೊಂಡು ಹೋಗಿ ಮುರುಗೇಶರ ಮೇಜಿನ ಮೇಲಿಟ್ಟಳು. “ಸಾರ್, ನಮ್ಮ ಕೋರಂ ಆಗದೆ ಇರೋದು ಬದುಕಿರೋರು ಬರ್ತಿಲ್ಲ ಅಂತಲ್ಲ. ಸತ್ತೋರು ಬರ್ತಿಲ್ಲ, ಅದಕ್ಕೆ.”

ಮುರುಗೇಶರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪಟ್ಟಿ ನೋಡಿದರು. ಹದಿನೇಳನೆಯವರು ಅವರ ಗುರುಗಳು. ಆ ಸಮಾರಾಧನೆಗೆ ಅವರೂ ಹೋಗಿದ್ದರು. ಅವರ ಕಿವಿ ಕೆಂಪಾಯಿತು. “ನಿಯಮ ಅಂದ್ರೆ ನಿಯಮ. ಒಂದೊಂದು ಹೆಸರಿಗೂ ಕಾಗದ ಬೇಕು. ಮನೆಯೋರು ಸಿಗದೆ ಇದ್ರೆ ನೆರೆಯವರ ಸಹಿಯಾದ್ರೂ ಸರಿ, ಅಷ್ಟಕ್ಕೆ ನಾನು ಸಮಿತೀನ ಒಪ್ಪಿಸ್ತೀನಿ. ಆದ್ರೆ ಆರು ವಾರದಲ್ಲಿ ಇದಾಗೋ ಕೆಲಸ ಅಲ್ಲ ನಾಗಲಕ್ಷ್ಮಿಯವರೇ.”

“ಆಗತ್ತೆ ಸಾರ್.”

ಹೊರರಾಜ್ಯದವರನ್ನು ಅವಳು ಫೋನಿನಲ್ಲೇ ಹಿಡಿದಳು. ಶಾಖೆಗಳ ಕಾರ್ಯದರ್ಶಿಗಳಿಗೆ ತನ್ನ ಹರಕು ಹಿಂದಿ, ಮುರುಕು ಇಂಗ್ಲಿಷಿನಲ್ಲಿ ದಿನಕ್ಕೆ ಎರಡು ಸಲ ಕರೆ ಮಾಡಿದಳು. ಕಾಟ ತಡೆಯಲಾಗದೆ ಅವರು ಕಾಗದಗಳ ಫೋಟೋ ಕಳಿಸತೊಡಗಿದರು. ಬೆಂಗಳೂರಿನವರ ಮನೆಗೆ ಮಾತ್ರ ಖುದ್ದಾಗಿ ಹೊರಟಳು. ಬೆಳಿಗ್ಗೆ ನಾಗಸಂದ್ರಕ್ಕೆ ಮೆಟ್ರೋ, ಅಲ್ಲಿಂದ ಯಶವಂತಪುರ, ಮಧ್ಯಾಹ್ನ ಆಫೀಸು, ಸಂಜೆ ಆರ್.ಟಿ. ನಗರ. ಅವಳ ಗಂಡ ಬಾಲರಾಜು, ಲೈನ್‌ಮ್ಯಾನ್ ಆಗಿ ನಿವೃತ್ತನಾದವನು, ಮೊದಲ ವಾರ ನೋಡಿದ, ಎರಡನೆಯ ವಾರ ಬಾಯಿಬಿಟ್ಟ.

“ಏನೇ ಇದು, ಊರಿಗೆ ಉಪಕಾರಿ ಮನೆಗೆ ಮಾರಿ ಅಂದಂಗೆ! ದಿನಾ ಯಾರ್ದೋ ಮನೆಗೋಗಿ, ನಿಮ್ಮೋರು ಸತ್ತಿದಾರಾ ಅಂತ ಕೇಳ್ಕೊಂಡ್ ಬರ್ತೀಯಲ್ಲ, ಯಾರಾದ್ರೂ ಪೊರಕೆ ತಗೊಂಡ್ರೆ?”

“ತಗೊಂಡ್ರು ಕಣ್ರೀ, ನಿನ್ನೆ ಮತ್ತಿಕೆರೆಯಲ್ಲಿ. ಆಮೇಲೆ ಕಾಫಿ ಕೊಟ್ಟು ಕಾಗದನೂ ಬರ್ಕೊಟ್ರು.”

ಬಾಲರಾಜು ತಲೆ ಚಚ್ಚಿಕೊಂಡ. ಮಾರನೆಯ ದಿನದಿಂದ ತಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗತೊಡಗಿದ. ಅವಳು ಒಳಗೆ ಹೋದಾಗ ಗೇಟಿನ ಹತ್ತಿರ ಸ್ಕೂಟರು ಚಾಲೂ ಇಟ್ಟುಕೊಂಡೇ ನಿಂತಿರುತ್ತಿದ್ದ, ಪೊರಕೆಯ ಭಯಕ್ಕೆ.

ಎಲ್ಲಕ್ಕಿಂತ ಕಷ್ಟವಾದದ್ದು ಆರ್.ಟಿ. ನಗರದ ಮನೆಯೊಂದರಲ್ಲಿ. ಡಾ. ಮಜೀದ್ ಎಂಬುವರು ಗೆದ್ದಲಿನ ಮೇಲೆ ದೊಡ್ಡ ಕೆಲಸ ಮಾಡಿದವರು, ತೀರಿಕೊಂಡು ನಾಲ್ಕು ವರ್ಷ. ಅವರ ಹೆಂಡತಿ ಸಬಾ ಬಾಗಿಲು ತೆಗೆದು, ಕೂರಿಸಿ, ಬಿಸ್ಕತ್ತು ಇಟ್ಟು, ಬಂದ ವಿಷಯವನ್ನು ಕೇಳಿ, ಸ್ಪಷ್ಟವಾಗಿ ಹೇಳಿದರು: “ಬರ್ಕೊಡಲ್ಲ ಬೇಟಾ.”

“ಯಾಕಮ್ಮಾ?”

ಸಬಾ ಎದ್ದು ಹೋಗಿ ಷೋಕೇಸಿನ ಬಾಗಿಲು ತೆರೆದು ತೋರಿಸಿದರು. ಒಳಗೆ ಸಂಘದ ಪತ್ರಿಕೆಗಳು, ಹದಿನಾರು ಸಂಚಿಕೆ, ಕವರು ಒಡೆಯದೆ ಜೋಡಿಸಿಟ್ಟಿದ್ದವು. ಒಂದೊಂದು ಕವರಿನ ಮೇಲೂ ‘ಡಾ. ಮಜೀದ್’ ಎಂಬ ಹೆಸರು. “ಬ್ಯಾಂಕ್‌ನಿಂದ ಅವರ ಹೆಸರು ತೆಗ್ದಿದ್ದಾಯ್ತು. ರೇಷನ್ ಕಾರ್ಡಿಂದ, ಗ್ಯಾಸಿಂದ, ಎಲ್ಲಾ ಕಡೆಯಿಂದ ಆಯ್ತು. ಈಗ ಅವರ ಹೆಸರಿಗೆ ಈ ಮನೆಗೆ ಬರೋದು ಇದೊಂದೇ. ಮೂರು ತಿಂಗಳಿಗೊಂದು ಸಲ ಪೋಸ್ಟ್‌ಮ್ಯಾನ್ ಗೇಟಲ್ಲಿ ನಿಂತು ಡಾಕ್ಟರ್ ಮಜೀದ್ ಅಂತ ಕೂಗ್ತಾನೆ. ಅದನ್ನೂ ನಿಲ್ಲಿಸ್ಲಾ?”

ನಾಗಲಕ್ಷ್ಮಿಯ ಕಣ್ಣು ತುಂಬಿ ಬಂತು. ಇಷ್ಟು ದಿನ ಅವಳು ಸತ್ತವರನ್ನು ಲೆಕ್ಕದಂತೆ ಕೂಡಿಸುತ್ತಿದ್ದಳು. ಸಂಖ್ಯೆ ಏರಿದಷ್ಟೂ ಒಳಗೊಳಗೇ ಹಿಗ್ಗುತ್ತಿದ್ದಳು. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಆದರೂ ಅವಳು ಎದ್ದು ಬರಲಿಲ್ಲ.

“ಅಮ್ಮಾ, ಪುಸ್ತಕ ನಿಲ್ಸಲ್ಲ. ಅವ್ರ ಹೆಸರಿಗೇ ಕವರ್ ಬರತ್ತೆ, ನಾನೇ ನನ್ ಕೈಯಲ್ಲಿ ವಿಳಾಸ ಬರೀತೀನಿ. ಆದ್ರೆ ನೀವು ಈ ಕಾಗದ ಕೊಡದೇ ಇದ್ರೆ ಸಂಘಾನೇ ಇರಲ್ಲ. ಸಂಘ ಇಲ್ದಿದ್ರೆ ಪುಸ್ತಕಾನೂ ಇಲ್ಲ, ಸಾರ್ ಕೂಡಿಸಿದ ಗೆದ್ದಲೂ ಇಲ್ಲ.”

ಸಬಾ ಷೋಕೇಸಿನ ಬಾಗಿಲು ಮುಚ್ಚಿದರು. ಆಮೇಲೆ ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಬರೆದರು. ಎರಡೇ ಸಾಲು. ಬರೆಯುವುದಕ್ಕೆ ಕಾಲು ಗಂಟೆ ಹಿಡಿಯಿತು.

ಐದನೆಯ ವಾರದ ಕೊನೆಗೆ ಉಳಿದದ್ದು ಯಲಹಂಕದ ಒಂದು ವಿಳಾಸ. ಮುನಿಕೃಷ್ಣಪ್ಪ, ಕೃಷಿ ಇಲಾಖೆಯಲ್ಲಿದ್ದವರು, ಸದಸ್ಯ ನಂಬರು ಐನೂರಾ ಎಂಟು. ಹಳೇ ಊರಿನ ಬೀದಿಯಲ್ಲಿ ಅವರ ಮನೆ ಇದ್ದ ಜಾಗದಲ್ಲಿ ಈಗ ಐದಂತಸ್ತಿನ ಅಪಾರ್ಟ್‌ಮೆಂಟು. ಅದರ ಎದುರಿಗೆ ತಳ್ಳುಗಾಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಗೋಪಿ ಎಂಬುವನು, “ಮನೆ ಯಜಮಾನ್ರಾ? ಸಂಕ್ರಾಂತಿ ಆಗಿ ವಾರಕ್ಕೆ ತೀರ್ಕೊಂಡ್ರಲ್ಲಮ್ಮ. ಪೆಂಡಾಲ್ ಹಾಕಿದ್ರು, ನಾನೇ ನೋಡಿದೀನಿ” ಎಂದ. ಯಜಮಾನರ ಫ್ಲಾಟಿನ ಬಾಗಿಲಿಗೆ ಬೀಗ ಇತ್ತು. ಮಳೆಯ ಮೋಡ ಕವಿದಿತ್ತು. ಬಾಲರಾಜು ಸ್ಕೂಟರಿನ ಹಾರ್ನು ಬಾರಿಸುತ್ತಿದ್ದ. ಬೇರೆ ದಿನವಾಗಿದ್ದರೆ ನಾಗಲಕ್ಷ್ಮಿ, ಯಜಮಾನರ ಹೆಸರೇನು ಎಂದು ಕೇಳುತ್ತಿದ್ದಳು. ಅವತ್ತು ಕೇಳಲಿಲ್ಲ. ಗೋಪಿಯ ಸಹಿ ಹಾಕಿಸಿಕೊಂಡು ಹೊರಟಳು.

ಒಟ್ಟು ನಾನೂರ ಮೂವತ್ನಾಲ್ಕು ಕಾಗದಗಳಾದವು. ಮುರುಗೇಶರು ಎರಡು ದಿನ ಕೂತು ಒಂದೊಂದನ್ನೂ ಓದಿ, ಒಂದೊಂದು ಹೆಸರಿಗೂ ಕೆಂಪು ಗೆರೆ ಎಳೆದರು. ಪಟ್ಟಿಯಲ್ಲಿ ಉಳಿದವರು ಎಂಟುನೂರಾ ಆರು. ಅದರಲ್ಲಿ ಹತ್ತನೆಯ ಒಂದು ಪಾಲೆಂದರೆ ಎಂಬತ್ತೂ ಚಿಲ್ಲರೆ. ಎಂಬತ್ತೊಂದು ಜನ ಬಂದರೆ ಸಂಘ ಉಳಿಯುತ್ತದೆ. “ಎಂಬತ್ತೊಂದು” ಎಂದರು ಮುರುಗೇಶ್, ತಮಗೇ ಆಶ್ಚರ್ಯವಾದಂತೆ. ಕೊನೆಯ ವಾರವೆಲ್ಲ ನಾಗಲಕ್ಷ್ಮಿ ಬದುಕಿರುವವರ ಬೆನ್ನು ಹತ್ತಿದಳು. ಬರ್ತೀರಲ್ಲಾ ಸಾರ್, ಖಂಡಿತಾ ಬರ್ಬೇಕು, ಬಿಸಿಬೇಳೆಬಾತ್ ಮಾಡಿಸಿದೀವಿ, ನಿಮ್ಮ ಪಕ್ಕದ ಮನೆ ಸದಸ್ಯರನ್ನೂ ಕರ್ಕೊಂಡ್ ಬನ್ನಿ. ಎದ್ದರೂ ಅದೇ ಮಾತು, ಕೂತರೂ ಅದೇ ಮಾತು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭೆ. ಮನೆಯ ಹಿಂದಿನ ಹಾಲಿನಲ್ಲಿ ಕುರ್ಚಿ ಹಾಕಿತ್ತು. ಬಂದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಕೆಲವರು ಮಗನ ಜೊತೆ, ಕೆಲವರು ಡ್ರೈವರಿನ ಜೊತೆ ಬಂದಿದ್ದರು. ಹೀಗೆ ಜೊತೆಗೆ ಬಂದವರನ್ನೆಲ್ಲ ಹಿಂದಿನ ಸಾಲಿನಲ್ಲಿ ಕೂರಿಸಲಾಗಿತ್ತು. ಖಜಾಂಚಿ ರಮಾ ಮೇಡಂ ಬಾಗಿಲಲ್ಲಿ ಪಟ್ಟಿ ಇಟ್ಟುಕೊಂಡು ಸಹಿ ಹಾಕಿಸಿಕೊಳ್ಳುತ್ತಿದ್ದರು. ಹತ್ತೂವರೆಗೆ ಎಪ್ಪತ್ತೆರಡು ಸಹಿ. ಇನ್ನೈದು ನಿಮಿಷಕ್ಕೆ ಎಂಬತ್ತು. ಆಮೇಲೆ ಗೇಟು ಸದ್ದು ಮಾಡಲಿಲ್ಲ.

ಎಂಬತ್ತು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಗಲಕ್ಷ್ಮಿ ಬೀದಿಯ ತುದಿಯವರೆಗೆ ಓಡಿಹೋಗಿ ನೋಡಿ ಬಂದಳು. ಬರುತ್ತೇನೆಂದಿದ್ದವರಿಗೆ ಫೋನು ಮಾಡಿದಳು. ಒಬ್ಬರಿಗೆ ಜ್ವರ, ಒಬ್ಬರಿಗೆ ಬೀಗರು. ಇನ್ನೊಬ್ಬರು ಫೋನೇ ಎತ್ತಲಿಲ್ಲ.

“ಇವಳನ್ನೇ ಸದಸ್ಯೆ ಮಾಡ್ಬಿಡಿ, ಮುಗೀತು” ಎಂದರು ಮುಂದಿನ ಸಾಲಿನ ಹಿರಿಯರೊಬ್ಬರು. “ನಮ್ಮೆಲ್ಲರಿಗಿಂತ ಜಾಸ್ತಿ ಹುಳ ನೋಡಿದಾಳೆ.”

“ಡಿಗ್ರಿ ಬೇಕು. ಅರ್ಜಿ ಮೂವತ್ತು ದಿನ ಮೊದಲೇ ಬರಬೇಕು” ಎಂದರು ಮುರುಗೇಶ್. ಆ ಮಾತು ಹೇಳುವಾಗ ಅವರಿಗೂ ಸಂಕಟವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. “ಹನ್ನೊಂದೂ ಕಾಲಿನವರೆಗೆ ಕಾಯಬಹುದು. ಅಷ್ಟರಲ್ಲಿ ಆಗದಿದ್ದರೆ ಸಭೆ ಇಲ್ಲ ಅಂತ ಬರೀಬೇಕು.”

ಹನ್ನೊಂದೂ ಕಾಲಿಗೆ ಇನ್ನೂ ಅರ್ಧ ಗಂಟೆ ಇತ್ತು. ಕುರ್ಚಿಗಳು ಸರಿಯತೊಡಗಿದವು. ಹೇಗೂ ಕೋರಂ ಆಗಲ್ಲ, ಊಟ ಮಾಡಿಕೊಂಡು ಹೋಗೋಣ ಎಂದರು ಒಬ್ಬರು. ನನಗೆ ಶುಗರು, ಮೊದಲೇ ಬಡಿಸಿಬಿಡಿ ಎಂದರು ಇನ್ನೊಬ್ಬರು. ಇವರಲ್ಲಿ ಒಬ್ಬರು ಎದ್ದು ಹೋದರೂ, ಎಂಬತ್ತೊಂದನೆಯವರು ಬಂದು ಪ್ರಯೋಜನವಿಲ್ಲ. ಇವರನ್ನು ಹಿಡಿದು ಕೂರಿಸುವುದು ಹೇಗೆ? ಸಭೆಗೆ ಮುಂಚೆ, ಆ ವರ್ಷ ಸಾವಿನ ಕಾಗದ ಬಂದ ಸದಸ್ಯರಿದ್ದರೆ ಅವರ ಹೆಸರು ಓದಿ ಸಂತಾಪ ಸೂಚಿಸುವ ಪದ್ಧತಿ ಸಂಘದಲ್ಲಿ ಮೊದಲಿನಿಂದಲೂ ಇತ್ತು. ಸತ್ತವರ ಹೆಸರು ಓದುವಾಗ ಯಾರೂ ಎದ್ದು ಊಟಕ್ಕೆ ಹೋಗಲಾರರು. ನಾಗಲಕ್ಷ್ಮಿ ಕಾಗದಗಳ ಕಟ್ಟನ್ನು ಎತ್ತಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮೈಕನ್ನು ಅವಳು ಒರೆಸಿದ್ದಳು, ಅದರಲ್ಲಿ ಮಾತಾಡಿರಲಿಲ್ಲ.

“ಸಂತಾಪದ ಹೆಸರು ಓದ್ತೀನಿ ಸಾರ್.”

“ಎಲ್ಲಾನೂನಾ?” ಎಂದರು ಮುರುಗೇಶ್. “ನಾನೂರು ಚಿಲ್ಲರೆ ಇದೆ. ಒಟ್ಟಿಗೆ ಒಂದು ನಿಮಿಷ ಮೌನ ಮಾಡಿದ್ರೆ ಸಾಲದಾ?”

“ಒಂದೊಂದೇ ಓದ್ತೀನಿ” ಎಂದಳು ಅವಳು.

ಓದತೊಡಗಿದಳು. ಹೆಸರು, ಊರು, ತೀರಿಕೊಂಡ ವರ್ಷ. ಮೊದಲ ಹತ್ತು ಹೆಸರುಗಳನ್ನು ಗಡಿಯಾರ ನೋಡುತ್ತಲೇ ಓದಿದಳು. ಹದಿನೇಳನೆಯ ನಂಬರಿನವರ ಹೆಸರು ಬಂದಾಗ, ಕಾಗದದಲ್ಲಿಲ್ಲದ ಒಂದು ಮಾತು ತಾನಾಗಿ ಬಾಯಿಗೆ ಬಂತು: “ಕಬ್ಬಿನ ಸುಳಿಕೊರಕದ ಮೇಲೆ ಕೆಲಸ ಮಾಡಿದೋರು. ನಾಲ್ಕನೇ ಬೀರು.” ಮುರುಗೇಶರು ತಲೆ ಎತ್ತಿ ನೋಡಿದರು. ಆಮೇಲೆ ಅವಳು ನಿಲ್ಲಿಸಲಿಲ್ಲ. ಇವರು ಜೇನು, ಹನ್ನೆರಡನೇ ಬೀರು. ಇವರು ತೆಂಗಿನ ಮರದ ದುಂಬಿ. ಇವರು ನುಸಿ ಹಿಡಿದ ಮೂರು ಪೆಟ್ಟಿಗೆಯನ್ನು ಮಳೆಗಾಲದಲ್ಲಿ ವಾರಗಟ್ಟಲೆ ಕೂತು ಉಳಿಸಿಕೊಟ್ಟೋರು. ಯಾರ ಹುಳ ಯಾವ ಖಾನೆಯಲ್ಲಿದೆ ಎಂಬುದು ಅವಳಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಹಾಲಿನಲ್ಲಿ ಕುರ್ಚಿ ಸರಿಯುವ ಸದ್ದು ನಿಂತಿತು. ಅಲ್ಲಲ್ಲಿ ಒಬ್ಬೊಬ್ಬರು, “ಅಯ್ಯೋ, ಇವರೂ ಹೋದರಾ? ನನ್ನ ರೂಮ್‌ಮೇಟು” ಎನ್ನುವುದು ಕೇಳಿಸಿತು. ಡಾ. ಮಜೀದರ ಹೆಸರನ್ನು, ಪೋಸ್ಟ್‌ಮ್ಯಾನ್ ಕೂಗುವಂತೆ, ಗಟ್ಟಿಯಾಗಿ ಓದಿದಳು. ನೀರು ಕುಡಿದು ಮುಂದುವರಿದಳು.

ಗಡಿಯಾರ ಹನ್ನೊಂದು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು.

“ಮುನಿಕೃಷ್ಣಪ್ಪ, ಯಲಹಂಕ. ಈ ವರ್ಷ ಸಂಕ್ರಾಂತಿ ಆದ್ಮೇಲೆ ತೀರ್ಕೊಂಡ್ರು. ದ್ರಾಕ್ಷಿ ಬಳ್ಳಿಯ ಕಾಂಡ ಕೊರೆಯೋ ದುಂಬಿ. ಹತ್ತೊಂಬತ್ತನೇ…”

“ಇಪ್ಪತ್ತನೇ ಬೀರು ಕಣಮ್ಮ” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಡ್ರೈವರುಗಳ ಪಕ್ಕದಲ್ಲಿ ಪಂಚೆ ಉಟ್ಟುಕೊಂಡು ಕೂತಿದ್ದ ಮುದುಕರೊಬ್ಬರು ಮೆಲ್ಲಗೆ ಎದ್ದು ನಿಂತರು. “ನಾನೇ ಮುನಿಕೃಷ್ಣಪ್ಪ. ಇಲ್ಲೇ ಇವ್ನಿ. ತೀರ್ಕೊಂಡೋನು ನಮ್ಮಣ್ಣ, ಆ ಬಿಲ್ಡಿಂಗು ಅವ್ನದ್ದೇ ಈಗ. ನಾನು ಮಗಳ ಮನೆಗೋಗಿ ಎರಡು ವರ್ಸ ಆಯ್ತು, ನಾಗಸಂದ್ರಕ್ಕೆ. ಸ್ನೇಹಿತರು ಫೋನ್ ಮಾಡಿ, ಬಾರಯ್ಯ ಕೋರಂ ಆಗ್ಬೇಕಂತೆ ಅಂದ್ರು, ಬಂದೆ. ಬಾಗ್ಲಲ್ಲಿ ಮೇಡಮ್ಮು ನಿಮ್ಮೆಸ್ರು ಪಟ್ಟೀಲಿಲ್ಲ ಅಂದ್ರು. ಬಾಳ ವರ್ಸದಿಂದ ಬಂದಿಲ್ಲವಲ್ಲ, ತೆಗೆದಾಕಿರಬೇಕು ಅಂತ ಸುಮ್ಕೆ ಇಂದೆ ಕೂತ್ಕೊಂಡೆ.”

ಹಾಲಿನಲ್ಲಿ ನಗೆ ಎದ್ದಿತು, ಚಪ್ಪಾಳೆ ಎದ್ದಿತು. ರಮಾ ಮೇಡಂ ಪಟ್ಟಿ ಹಿಡಿದುಕೊಂಡು ಓಡಿದರು. ನಾಗಲಕ್ಷ್ಮಿಗೆ ನಗು ಬರಲಿಲ್ಲ. ನೋಡದ ಹೊಲದ ಹೆಸರನ್ನು ಯಾರೋ ಹೇಳಿದರೆಂದು ಒಂದು ಚೀಟಿಯ ಮೇಲೂ ಬರೆದವಳಲ್ಲ ಅವಳು. ಹುಳದ ವಿಷಯದಲ್ಲಿ ಮಾಡದ ತಪ್ಪನ್ನು ಮನುಷ್ಯನ ವಿಷಯದಲ್ಲಿ ಮಾಡಿಬಿಟ್ಟಿದ್ದಳು. ಮೈಕು ಬಿಟ್ಟು ಇಳಿದು ಹೋಗಿ ಅವರ ಕಾಲು ಮುಟ್ಟಿದಳು. “ತಪ್ಪಾಯ್ತು ಸಾರ್. ನಾನು ಹೆಸರು ಕೇಳ್ಲಿಲ್ಲ, ಇಸ್ತ್ರಿಯೋನ ಮಾತು ಕೇಳ್ಕೊಂಡು ಬಂದ್ಬಿಟ್ಟೆ.”

“ಬಿಡವ್ವ” ಎಂದರು ಮುನಿಕೃಷ್ಣಪ್ಪ. “ಬದುಕಿದ್ದಾಗ್ಲೇ ಒಂದು ಸಲ ಒಳ್ಳೇ ಮಾತು ಕೇಳಿಸ್ಕಂಡೆ. ಎಲ್ಲಾರಿಗೂ ಸಿಕ್ಕತ್ತಾ ಇದು?” ಎಂದು ಪೆನ್ನು ತೆಗೆದುಕೊಂಡು ಪಟ್ಟಿಯ ಕೊನೆಯಲ್ಲಿ ಹೆಸರು ಸೇರಿಸಿ ಸಹಿ ಹಾಕಿದರು.

ಮುರುಗೇಶರು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದರು. ಒಬ್ಬರು ಬದುಕಿ ಬಂದರೆ ಪಟ್ಟಿಯಲ್ಲಿ ಎಂಟುನೂರಾ ಏಳಾಗುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲೆಂದರೂ ಎಂಬತ್ತೂ ಚಿಲ್ಲರೆಯೇ, ಬೇಕಾದವರು ಎಂಬತ್ತೊಂದೇ. ಸಹಿಗಳು ಎಂಬತ್ತೊಂದು. ಅವರು ಎರಡು ಸಲ ಎಣಿಸಿದರು. ಪೆನ್ನನ್ನು ಕೆಳಗಿಟ್ಟರು. “ಕೋರಂ ಆಯಿತು” ಎಂದರು. ಉತ್ತರದ ಮ್ಯೂಸಿಯಮ್ಮಿಗೆ ಬರೆದಿಟ್ಟುಕೊಂಡಿದ್ದ ಒಪ್ಪಿಗೆಯ ಪತ್ರ ಅವರ ಕಡತದಲ್ಲೇ ಇತ್ತು. ಅದನ್ನು ತೆಗೆದು ಎರಡಾಗಿ ಹರಿದು, ಗಂಟೆ ಬಾರಿಸಲು ಕೈ ಚಾಚಿದರು. “ಸರಿ, ಸಭೆ ಶುರು ಮಾಡೋಣ. ನಾಗಲಕ್ಷ್ಮಿಯವರೇ, ನೀವಿನ್ನು ನಿಲ್ಲಿಸಬಹುದು. ಕಾರ್ಯಸೂಚಿಯ ಮೊದಲನೇ ವಿಷಯ…”

ನಾಗಲಕ್ಷ್ಮಿ ಆಗಲೇ ಮೈಕಿನ ಮುಂದೆ ವಾಪಸು ಬಂದಿದ್ದಳು. ಅವಳ ಎಡಗೈಯಲ್ಲಿ ಓದಿ ಮುಗಿಸಿದ ಕಾಗದಗಳು, ಬಲಗೈಯಲ್ಲಿ ಇನ್ನೂ ಓದದವು. ಅರ್ಧ ಗಂಟೆಯ ಹಿಂದೆ, ಜನರನ್ನು ಕುರ್ಚಿಯಲ್ಲಿ ಹಿಡಿದಿಡುವುದಕ್ಕೆಂದು ಅವಳು ಈ ಹೆಸರುಗಳನ್ನು ಎತ್ತಿಕೊಂಡಿದ್ದಳು. ಈಗ ಆ ಕೆಲಸ ಮುಗಿದಿತ್ತು. ಇವನ್ನು ಕಟ್ಟಿ ಬೀರುವಿನಲ್ಲಿಟ್ಟರೆ ಇನ್ನು ಯಾರೂ ತೆಗೆದು ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಇನ್ನೂ ಇನ್ನೂರ ಹತ್ತು ಹೆಸರಿವೆ ಸಾರ್” ಎಂದಳು.

“ಹೊತ್ತಾಗತ್ತಲ್ಲ. ಕೋರಂ ಆಯ್ತಲ್ಲ, ಇನ್ಯಾಕೆ?”

“ಆಗ್ಲಿ ಸಾರ್. ಇಷ್ಟು ವರ್ಷ ಇವ್ರು ಕಾದಿದಾರೆ.”

ಮುರುಗೇಶರು ಅವಳನ್ನೇ ನೋಡಿದರು. ಗಂಟೆಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೇಜನ್ನು ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತರು. ಮುಂದಿನ ಸಾಲು ಎದ್ದಿತು. ಅದರ ಹಿಂದಿನ ಸಾಲು ಎದ್ದಿತು. ಮಂಡಿನೋವಿನವರು ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದರು. ಶುಗರಿನವರು ಜೇಬಿನಿಂದ ಒಂದು ಪೆಪ್ಪರಮಿಂಟು ತೆಗೆದು ಬಾಯಿಗೆ ಹಾಕಿಕೊಂಡು ಎದ್ದರು. ಮುನಿಕೃಷ್ಣಪ್ಪನವರು ಪಂಚೆ ಸರಿಮಾಡಿಕೊಂಡು ಕೈ ಮುಗಿದು ನಿಂತರು.

ನಾಗಲಕ್ಷ್ಮಿ ಮುಂದಿನ ಕಾಗದ ಬಿಡಿಸಿ ಹೆಸರು ಓದಿದಳು.